ಹತ್ತನೇ ಒಂದು ಪಾಲು

ಕರೇಬಂಡೆಯಲ್ಲಿ ಯಾರೂ ಯಾರನ್ನೂ ಸುಮ್ಮನೆ ಮುಟ್ಟುತ್ತಿರಲಿಲ್ಲ. ಗಂಡನ ಮನೆಯಿಂದ ಬಂದ ಮಗಳಿರಲಿ, ಸಾಯಲು ಮಲಗಿದ ಮುದುಕನನ್ನು ನೋಡಲು ಬಂದ ಬೀಗರಿರಲಿ, ಮೊದಲು ಬಾಗಿಲ ಮುಂದಿನ ಕಬ್ಬಿಣದ ಕಂಬ ಮುಟ್ಟಬೇಕು, "ಸಮ" ಅನ್ನಬೇಕು. ಅಪ್ಪುಗೆ, ಅಳು ಎಲ್ಲ ಅದಾದ ಮೇಲೆ. ಪರಊರಿನವರು ಇದನ್ನು ಮಡಿ ಮೈಲಿಗೆ ಅಂದುಕೊಳ್ಳುತ್ತಿದ್ದರು. ಮಡಿಯೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ, ಜೀವ ಉಳಿಸಿಕೊಳ್ಳುವ ದಾರಿ ಅಷ್ಟೆ.

ಮಳೆ ಹಿಂದೆ ಸರಿದ ಕಾಲದಿಂದ ರಾಯಚೂರು ಸೀಮೆಯ ಆ ಬಂಡೆಗಾಡಿನಲ್ಲಿ ವರ್ಷಕ್ಕೆ ಏಳು ತಿಂಗಳು ಒಣಗಾಳಿ ಬೀಸುತ್ತಿತ್ತು. ಗಾಳಿಯ ತುಂಬ ನುಣ್ಣನೆಯ ಕಲ್ಲುಧೂಳು. ಕಣಕ್ಕೆ ಕಣ ತಿಕ್ಕಿ ಹುಟ್ಟಿದ ವಿದ್ಯುತ್ತನ್ನು ಹೊತ್ತು ತಂದು ಅದು ಊರಿನ ಲೋಹದ ಮೇಲೆಲ್ಲ ಸುರಿಯುತ್ತಿತ್ತು. ನೆಲಕ್ಕೆ ಇಳಿಸೋಣವೆಂದರೆ ನೆಲ ಎಲ್ಲಿದೆ? ಕೆಳಗೆ ಮುನ್ನೂರು ಅಡಿ ಒಣ ಕರಿಕಲ್ಲು. ಎಷ್ಟು ತೋಡಿದರೂ ಅರ್ಥಿಂಗ್ ಸಿಗಲಿಲ್ಲ. ಹಾಗಾಗಿ ಮೇಲೆ ಬಿದ್ದ ಚಾರ್ಜು ಮೇಲೆಯೇ ಉಳಿಯುತ್ತಿತ್ತು.

ಧೂಳಿಗೆ ಹೆದರಿ ಊರು ಕಬ್ಬಿಣದ ಗುಮ್ಮಟದೊಳಗೆ ಸೇರಿಕೊಂಡಿತ್ತು. ಸಂತೆ, ಶಾಲೆ, ದವಾಖಾನೆ, ಅಂತಸ್ತಿನ ಮೇಲೆ ಅಂತಸ್ತಾಗಿ ಮೂವತ್ತು ಮನೆ ಎಲ್ಲ ಒಂದೇ ದೊಡ್ಡ ಗುಮ್ಮಟದ ಕೆಳಗೆ. ಕ್ವಾರಿಯಲ್ಲಿ ಕಲ್ಲು ಒಡೆಯಲು ಆಮೇಲೆ ಬಂದವರಿಗೆ ಒಳಗೆ ಜಾಗ ಸಾಲಲಿಲ್ಲ. ಅವರಿಗೆಂದು ಹೊರಗೆ, ಎರಡು ಫರ್ಲಾಂಗು ದೂರದಲ್ಲಿ, ಸಂಸಾರಕ್ಕೊಂದರಂತೆ ಒಂಬತ್ತು ಸಣ್ಣ ಗುಮ್ಮಟ ಕಟ್ಟಿಕೊಟ್ಟರು. ಅವುಗಳಿಗೆ ಜನ ಡಬ್ಬಿ ಅನ್ನುತ್ತಿದ್ದರು.

ಮೊದಲ ವರ್ಷ ಗುಮ್ಮಟಕ್ಕೊಂದು ವೋಲ್ಟೇಜು, ಡಬ್ಬಿಗೊಂದು ವೋಲ್ಟೇಜು. ಡಬ್ಬಿಯಿಂದ ಬಂದವನು ಗುಮ್ಮಟದ ಬಾಗಿಲಿಗೆ ಕೈ ಚಾಚಿದರೆ ನಡುವೆ ಮಿಂಚು ಹಾರುತ್ತಿತ್ತು. ಹಾಗೆ ಹದಿನಾಲ್ಕು ಜನ ಸತ್ತರು. ಅವರಲ್ಲಿ ಒಬ್ಬ, ಊರಿನ ಇಂಜಿನಿಯರು ಪಂಪಾಪತಿಯವರ ಒಡಹುಟ್ಟಿದ ತಮ್ಮ. ಡಬ್ಬಿಗಳ ಕಡೆಯಿಂದ ಅಣ್ಣನಿಗೆ ಬುತ್ತಿ ತರುತ್ತಿದ್ದ.

ತಮ್ಮನ ಹನ್ನೊಂದನೇ ದಿನ ಮುಗಿಸಿ ಪಂಪಾಪತಿ ಒಂದೇ ಕೆಲಸಕ್ಕೆ ಬಿದ್ದರು. ದಪ್ಪ ರಬ್ಬರು ಹೊದಿಸಿದ ತಂತಿ ಎಳೆದು ಗುಮ್ಮಟವನ್ನೂ ಒಂಬತ್ತು ಡಬ್ಬಿಗಳನ್ನೂ ಕೂಡಿಸಿಬಿಟ್ಟರು. ದಾರಿಯುದ್ದಕ್ಕೂ ಕಬ್ಬಿಣದ ಪಟ್ಟಿ ಹಾಸಿ ಅದನ್ನೂ ತಂತಿಗೆ ಸೇರಿಸಿದರು. ಜನರಿಗೆ ಕಬ್ಬಿಣದ ಅಟ್ಟೆಯ ಚಪ್ಪಲಿ ಹಂಚಿದರು. ಕೂಡಿಸಿದ ಲೋಹಕ್ಕೆಲ್ಲ ವೋಲ್ಟೇಜು ಒಂದೇ. ವ್ಯತ್ಯಾಸವೇ ಇಲ್ಲದ ಮೇಲೆ ಮಿಂಚು ಎಲ್ಲಿಂದ ಹಾರಬೇಕು? ಸಾವು ನಿಂತಿತು. ಗುಮ್ಮಟದ ಬಾಗಿಲ ಮೇಲೆ ಯಾರೋ ಸುಣ್ಣದಲ್ಲಿ ಬರೆದರು: ಎಲ್ಲರಿಗೂ ಒಂದೇ ವೋಲ್ಟು.

ಅದು ಒಂದೇ ಇದೆಯೇ ಎಂದು ತಾಸಿಗೊಮ್ಮೆ ನೋಡಿ ಬರೆಯುವ ಕೆಲಸ ಬಸಲಿಂಗಮ್ಮನದು. ಗುಮ್ಮಟದ ಬಾಗಿಲಿಗೆ ಅಂಟಿಕೊಂಡ ಕಂಟ್ರೋಲ್ ರೂಮಿನಲ್ಲಿ ಹತ್ತು ಮೀಟರುಗಳ ಎದುರು ಕೂತು ಐದು ವರ್ಷವಾಗಿತ್ತು. ನಲವತ್ತು ಲಕ್ಷ, ನಲವತ್ತು ಲಕ್ಷ, ನಲವತ್ತು ಲಕ್ಷ. ರಿಜಿಸ್ಟರಿನಲ್ಲಿ ಒಂದೇ ಕಾಲಂ. ಅದರಲ್ಲಿ ಅವಳು "ಸಮ" ಎಂದು ಬರೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ಎಂಟನೇ ಡಬ್ಬಿಗೆ ನಡೆಯುತ್ತಿದ್ದಳು. ಅಲ್ಲಿ ಕಲ್ಲು ಒಡೆಯುವ ಗಂಡ ಯಂಕೋಬ, ಐದು ವರ್ಷದ ಮಗಳು ರೇಣಿ.

ಡಬ್ಬಿಯವರಿಗೆ ಜೋಮು ಶುರುವಾಗಿ ಎರಡು ವರ್ಷ. ಮೊದಲು ಬೆರಳ ತುದಿ, ಆಮೇಲೆ ಅಂಗೈ, ಆಮೇಲೆ ತುಟಿ. ಸಂಜೆಯಾದರೆ ಡಬ್ಬಿಯ ನೆತ್ತಿಯ ಮೇಲೆ ನೀಲಿ ಬೆಳಕು ಹೊತ್ತಿ ಚರಚರ ಸದ್ದಾಗುತ್ತಿತ್ತು, ಗಾಳಿಗೆ ಒಂದು ಘಾಟು ವಾಸನೆ ಬರುತ್ತಿತ್ತು. ಯಂಕೋಬನ ಎಡಗೈ ಹೆಬ್ಬೆರಳು ಸುತ್ತಿಗೆಯ ಕೆಳಗೆ ಸಿಕ್ಕಿ ಜಜ್ಜಿಹೋದದ್ದು ಅವನಿಗೆ ಗೊತ್ತಾದದ್ದು ಪಕ್ಕದವನು ಕೂಗಿದ ಮೇಲೆ. ಬಸಲಿಂಗಮ್ಮನಿಗೆ ಜೋಮು ಕೈಯಲ್ಲಿ ಅಷ್ಟಿರಲಿಲ್ಲ, ಹಗಲೆಲ್ಲ ಗುಮ್ಮಟದಲ್ಲಿರುವವಳು. ಆದರೆ ಒಳಗೆಲ್ಲೋ ಹಿಡಿದಿತ್ತು. ಹೋದ ವರ್ಷ ತಂದೆ ತೀರಿಕೊಂಡಾಗ ತವರಿಗೆ ಹೋಗಿ ಹೆಣದ ಪಕ್ಕ ಕೂತಳು, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅತ್ತಿಗೆಯಂದಿರು "ಕಲ್ಲಿನೆದಿ ನೋಡವ್ವ ಈಕಿದು" ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಹೌದಿರಬೇಕು ಅಂದುಕೊಂಡಳು. ಬೇಜಾರೂ ಆಗಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ರೇಣಿ ಒಲೆಯ ಪಕ್ಕ ಕೂತು ಏನೋ ಹಾಡಿಕೊಳ್ಳುತ್ತಿದ್ದಳು.

"ಯವ್ವಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ," ಎಂದಳು.

ಬಸಲಿಂಗಮ್ಮ ರೊಟ್ಟಿ ನೋಡಿದಳು. ರೊಟ್ಟಿ ಸುಟ್ಟಿರಲಿಲ್ಲ. ಮಗಳ ಅಂಗೈ ಕಾದ ಹಂಚಿನ ಅಂಚಿನ ಮೇಲಿತ್ತು. ಹುಡುಗಿ ಅದರ ಮೇಲೆ ಭಾರ ಹಾಕಿ ಕೂತು ತಾಯಿಯ ಮುಖ ನೋಡಿ ನಗುತ್ತಿದ್ದಳು.

ಕೈ ಎತ್ತಿ ತೆಗೆದಳು, ತಣ್ಣೀರಿನಲ್ಲಿ ಅದ್ದಿದಳು. ತೊಗಲು ಸುಲಿದು ನೀರಿನಲ್ಲಿ ತೇಲಿತು. ಬಟ್ಟೆ ಕಟ್ಟಿ, "ಅಲ್ಲೇ ಕುಂದರು" ಎಂದು ಹೇಳಿ ತಿರುಗಿ ಹಿಟ್ಟು ನಾದಿದಳು. ನಾಲ್ಕು ರೊಟ್ಟಿ ಬಡಿದಾದ ಮೇಲೆ, ಐದನೆಯದಕ್ಕೆ ಹಿಟ್ಟು ತೆಗೆಯುವಾಗ, ತಾನೇನು ಮಾಡುತ್ತಿದ್ದೇನೆ ಎಂಬುದು ಹೊಳೆಯಿತು. ಹೆತ್ತ ಮಗಳ ಕೈ ಬೆಂದಿದೆ, ನಾನು ರೊಟ್ಟಿ ಬಡಿಯುತ್ತಿದ್ದೇನೆ. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಹೆದರಿಕೆ ಬರಲಿಲ್ಲವಲ್ಲ ಎಂಬುದಷ್ಟೇ ಅವಳನ್ನು ಎಬ್ಬಿಸಿ ನಿಲ್ಲಿಸಿತು.

ದವಾಖಾನೆಯ ಡಾಕ್ಟರು ಎಂದಿನಂತೆ ಬಿ ವಿಟಮಿನ್ ಸೂಜಿ ಚುಚ್ಚಿದರು. ಚುಚ್ಚಿದಾಗಲೂ ರೇಣಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಕ್ವಾರಿ ಜನಾ ತೊಪ್ಪಲಪಲ್ಲೆ ತಿನ್ನಂಗಿಲ್ಲ. ಅದಕ್ಕ ಹಿಂಗಾಗ್ತದ," ಎಂದರು ಡಾಕ್ಟರು.

"ಗುಮ್ಮಟದಾಗಿನವ್ರಿಗೂ ತೊಪ್ಪಲ ಸಿಗಂಗಿಲ್ಲಲ್ರಿ. ಅವ್ರಿಗ್ಯಾಕ ಜೋಮು ಹಿಡ್ದಿಲ್ಲ?"

ಡಾಕ್ಟರು ಮುಂದಿನ ಚೀಟಿ ಕರೆದರು.

ಆ ಮಧ್ಯಾಹ್ನ ಅವಳು ಅದೇ ಪ್ರಶ್ನೆಯನ್ನು ಪಂಪಾಪತಿಯವರ ಮುಂದಿಟ್ಟಳು. ಒಳ್ಳೆಯ ಮನುಷ್ಯ. ಯಾರಾದರೂ ಎದುರು ಮಾತಾಡಿದರೆ ಸಿಟ್ಟಾಗುತ್ತಿರಲಿಲ್ಲ, ಪಾಠ ಹೇಳುತ್ತಿದ್ದರು, ಅದಕ್ಕಿಂತ ಸಿಟ್ಟಾದರೇ ವಾಸಿ ಅನ್ನಿಸುವಷ್ಟು.

"ಬಸಲಿಂಗವ್ವಾ, ನೀನ ದಿನಾ ಬರೀತಿ. ಡಬ್ಬಿ ವೋಲ್ಟೇಜು ಎಷ್ಟು?"

"ನಲವತ್ತು ಲಕ್ಷ."

"ಗುಮ್ಮಟದ್ದು?"

"ನಲವತ್ತು."

"ಇನ್ನ ಚಾರ್ಜು ಹೇಳ್ತೀನಿ ಕೇಳು. ಗುಮ್ಮಟಕ್ಕ ಇಪ್ಪತ್ತು ಮೀಟರ್ ತ್ರಿಜ್ಯ, ಡಬ್ಬಿಗೆ ಎರಡು. ವೋಲ್ಟೇಜು ಒಂದ ಇರಬೇಕಂದ್ರ ಚಾರ್ಜು ಅಳತಿ ನೋಡ್ಕೊಂಡು ಹಂಚಿಕೊಳ್ತೈತಿ. ಗುಮ್ಮಟದ ಮ್ಯಾಲೆ ಹತ್ತು ಪಾಲು, ನಿಮ್ಮ ಡಬ್ಬಿ ಮ್ಯಾಲೆ ಒಂದ ಪಾಲು. ಭಾರ ಎಲ್ಲಾ ನಾವ ಹೊತ್ತೀವಿ. ನಿಮಗೇನು ತ್ರಾಸು?"

ಲೆಕ್ಕ ಸರಿಯಾಗಿಯೇ ಇತ್ತು. ಅವಳು ತಲೆ ಆಡಿಸಿ ಬಂದು ಕುರ್ಚಿಯಲ್ಲಿ ಕೂತಳು. ಮೂರು ಗಂಟೆಯ ರೀಡಿಂಗು ಬರೆದಳು. ಸಮ. ಆಮೇಲೆ ಪೆನ್ನು ಕೆಳಗಿಟ್ಟು ಎದ್ದು ಹಳೆಯ ಬೀರು ತೆಗೆದಳು. ಅದರಲ್ಲಿ ಮೊದಲ ವರ್ಷ ತರಿಸಿದ ಒಂದು ಯಂತ್ರವಿತ್ತು, ಹಿಡಿಕೆಗೆ ಸಣ್ಣ ಫ್ಯಾನು ಕೂರಿಸಿದಂಥದು. ಲೋಹದ ಮೈಯ ಹತ್ತಿರ ಹಿಡಿದರೆ ಅಲ್ಲಿನ ಗಾಳಿಯ ಮೇಲೆ ವಿದ್ಯುತ್ತು ಎಷ್ಟು ಒತ್ತುತ್ತಿದೆ, ಅಂದರೆ ಅಲ್ಲಿನ ಕ್ಷೇತ್ರ ಎಷ್ಟು, ಎಂದು ತೋರಿಸುತ್ತಿತ್ತು. ವೋಲ್ಟೇಜು ಸಮವಾದ ಮೇಲೆ ಇದೆಲ್ಲ ಯಾಕೆಂದು ಆ ಕಾಲಂ ತೆಗೆದುಹಾಕಿದ್ದರು. ಅವಳು ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಹೊರಡುವಾಗ ಗುಮ್ಮಟದ ಗೋಡೆಗೆ ಹಿಡಿದು ನೋಡಿದಳು. ಸೆಂಟಿಮೀಟರಿಗೆ ಎರಡು ಸಾವಿರ ವೋಲ್ಟು. ಎಂಟನೇ ಡಬ್ಬಿಯ ಗೋಡೆಗೆ ಹಿಡಿದಳು. ಇಪ್ಪತ್ತು ಸಾವಿರ. ಒಂಬತ್ತು ಡಬ್ಬಿಗೂ ಹೋದಳು. ಎಲ್ಲ ಕಡೆ ಇಪ್ಪತ್ತು ಸಾವಿರ.

ಮರುದಿನ ಬೆಳಿಗ್ಗೆ ಅಂಕಿ ನೋಡಿ ಪಂಪಾಪತಿ ಯಂತ್ರ ಕೆಟ್ಟಿರಬೇಕೆಂದರು. ಅವಳು ವಾದ ಮಾಡಲಿಲ್ಲ. ರಾತ್ರಿಯೆಲ್ಲ ತಲೆಯಲ್ಲಿ ತಿರುಗಿದ್ದನ್ನು ಹೇಳಿದಳು ಅಷ್ಟೆ.

"ಸಾರ್, ನೀವು ಹತ್ತು ಚೀಲ ಜ್ವಾಳಾ ತಗೊಂಡ್ರಿ. ನಮಗ ಒಂದ ಚೀಲ ಕೊಟ್ರಿ. ಖರೇ. ಆದ್ರ ನಿಮಗ ಹರವಾಕ ದೊಡ್ಡ ಕಣ ಐತಿ. ನಮಗ ಒಂದು ಚಾಪಿ ಅಗಲ ಜಾಗ. ಕಾಳು ದಪ್ಪಗ ಎಲ್ಲಿ ಬೀಳ್ತಾವ್ರಿ?"

ಅವರು ಪೆನ್ನು ತೆಗೆದು ರಿಜಿಸ್ಟರಿನ ಅಂಚಿನಲ್ಲೇ ಗೀಚಿದರು. ತ್ರಿಜ್ಯ ಹತ್ತರಲ್ಲಿ ಒಂದು ಪಾಲು, ಮೈಯ ವಿಸ್ತಾರ ನೂರರಲ್ಲಿ ಒಂದು ಪಾಲು. ಹತ್ತನೇ ಒಂದು ಪಾಲು ಚಾರ್ಜು ನೂರನೇ ಒಂದು ಪಾಲು ಜಾಗದಲ್ಲಿ. ದಟ್ಟಣೆ ಹತ್ತು ಪಟ್ಟು. ಕ್ಷೇತ್ರವೂ ಹತ್ತು ಪಟ್ಟು. ನೆತ್ತಿಯ ನೀಲಿ ಬೆಳಕು, ಆ ಘಾಟು, ಬಾಗಿಲು ಕಿಟಕಿಯಿಂದ ಹಗಲೂ ರಾತ್ರಿ ಒಳಗೆ ನುಗ್ಗಿ ಮೈಗೆ ತಾಕುತ್ತಿದ್ದ ವಿದ್ಯುತ್ತಿನ ಗಾಳಿ. ಎರಡು ವರ್ಷ ನಲವತ್ತೈದು ಜನರ ನರ ಸುಟ್ಟದ್ದು ಅದು.

"ಇಂಜಿನಿಯರಿಂಗ್ ಎರಡನೇ ವರ್ಷದಾಗ ಇದೇ ಪ್ರಶ್ನಿ ಕೇಳಿದ್ರು," ಎಂದರು ಪಂಪಾಪತಿ. "ಹತ್ತಕ್ಕ ಹತ್ತು ತಗೊಂಡಿದ್ದೆ."

ಇಷ್ಟೇ ಆಗಿದ್ದರೆ ನಿಧಾನಕ್ಕೆ ಏನಾದರೂ ಮಾಡಬಹುದಿತ್ತು. ಆದರೆ ಬೆಳಗಿನ ಹವಾ ಸುದ್ದಿಯಲ್ಲಿ ದೊಡ್ಡ ಧೂಳುಗಾಳಿಯ ಎಚ್ಚರಿಕೆ ಇತ್ತು. ನಾಳೆ ವೋಲ್ಟೇಜು ಎಂಬತ್ತು ಲಕ್ಷ ಮುಟ್ಟಬಹುದು. ಗಾಳಿ ತಡೆಯುವುದು ಸೆಂಟಿಮೀಟರಿಗೆ ಮೂವತ್ತು ಸಾವಿರ ವೋಲ್ಟು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಎಂಬತ್ತು ಲಕ್ಷಕ್ಕೆ ಗುಮ್ಮಟದ ಮೈಮೇಲೆ ನಾಲ್ಕು ಸಾವಿರ, ಏನೂ ಆಗುವುದಿಲ್ಲ. ಡಬ್ಬಿಗಳ ಸುತ್ತಲಿನ ಗಾಳಿ ಅರವತ್ತು ಲಕ್ಷಕ್ಕೇ ಒಡೆಯುತ್ತದೆ. ಒಡೆದರೆ ಕಿಡಿಯಲ್ಲ, ಕೊಂಬೆ ಕೊಂಬೆಯಾಗಿ ಸಿಡಿಲು. ಬಾಗಿಲ ಹತ್ತಿರ ಇದ್ದವರು ಉಳಿಯುವುದಿಲ್ಲ.

ಇಬ್ಬರೂ ಊರಿನ ಸಮಿತಿಯ ಅಧ್ಯಕ್ಷ ವಿರೂಪನಗೌಡರ ಬಳಿಗೆ ಹೋದರು. ಗಾಳಿ ನಿಲ್ಲುವವರೆಗೆ ಡಬ್ಬಿಗಳ ನಲವತ್ತೈದು ಜನರನ್ನು ಗುಮ್ಮಟದೊಳಗೆ ಬಿಡಿ ಎಂದು ಕೇಳಿದರು. ಗೌಡರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

"ವೋಲ್ಟು ಒಂದ ಕೊಟ್ಟೀವಲ್ಲೋ ಪಂಪಣ್ಣ. ಇನ್ನೇನು ಬೇಕಂತ ಅವ್ರಿಗೆ? ಇರ್ಲಿ, ನಾಳೆ ಸಂಜಿಗೆ ಮೀಟಿಂಗ್ ಕರೀತೀನಿ."

ಅವರ ಅಪ್ಪಣೆಯಿಲ್ಲದೆ ಡಬ್ಬಿಯವರನ್ನು ಗುಮ್ಮಟದಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ. ಗಾಳಿ ಮೀಟಿಂಗಿಗೆ ಕಾಯಲಿಲ್ಲ. ಮರುದಿನ ಮಧ್ಯಾಹ್ನ ಎರಡೂವರೆಗೆ ಪಡುವಣ ದಿಕ್ಕು ಕೆಂಪಗಾಯಿತು. ಮೂರಕ್ಕೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಬಸಲಿಂಗಮ್ಮನ ಎದುರು ಹತ್ತು ಮುಳ್ಳುಗಳು ಒಟ್ಟಿಗೆ ಏರತೊಡಗಿದವು. ನಲವತ್ತನಾಲ್ಕು. ನಲವತ್ತೇಳು.

"ಕೂಡುತಂತಿ ಕಡದ್ರ?" ಎಂದು ಪಕ್ಕದಲ್ಲಿ ನಿಂತಿದ್ದ ಪಂಪಾಪತಿಯವರನ್ನು ಕೇಳಿದಳು.

ರೂಮಿನ ಬಾಗಿಲ ಬಳಿಯೇ, ಗುಮ್ಮಟದ ತಂತಿಗೂ ಡಬ್ಬಿಗಳ ತಂತಿಗೂ ನಡುವೆ, ಕೆಂಪು ಹಿಡಿಕೆಯ ದೊಡ್ಡ ಸ್ವಿಚ್ಚು ಇತ್ತು. ಅದನ್ನು ಎಳೆದರೆ ತಂತಿ, ದಾರಿಯ ಪಟ್ಟಿ, ಫೋನಿನ ಎಳೆ ಎಲ್ಲ ಬೇರೆಯಾಗುತ್ತವೆ. ಗುಮ್ಮಟದ ಮೇಲೆ ಬೀಳುವ ಚಾರ್ಜು ಡಬ್ಬಿಗಳಿಗೆ ಹರಿಯುವುದಿಲ್ಲ. ಅವುಗಳ ಮೇಲೆ ಇದ್ದದ್ದೂ, ಹೊಸದಾಗಿ ಬೀಳುವ ಅಲ್ಪಸ್ವಲ್ಪವೂ ಮೆಲ್ಲಗೆ ಗಾಳಿಗೆ ಸೋರಿಹೋಗುತ್ತದೆ. ಒಳಗಿದ್ದವರು ಬದುಕುತ್ತಾರೆ. ಆದರೆ ಆಗ ವೋಲ್ಟೇಜು ಒಂದೇ ಇರುವುದಿಲ್ಲ. ಡಬ್ಬಿಯ ಕಡೆಯಿಂದ ಯಾರೇ ಬಂದು, ರೂಢಿಯಂತೆ ಬಾಗಿಲ ಕಂಬ ಮುಟ್ಟಿ "ಸಮ" ಅನ್ನಲು ಹೋದರೆ, ಮುಟ್ಟುವುದೂ ಬೇಡ, ಎರಡು ಮೊಳ ದೂರದಲ್ಲೇ ಸುಟ್ಟು ಬೀಳುತ್ತಾರೆ.

ಪಂಪಾಪತಿಯವರ ಕೈ ಹಿಡಿಕೆಯ ಮೇಲಿತ್ತು. ಅಲ್ಲೇ ಇತ್ತು.

"ಮೊದ್ಲ ಎಲ್ಲಾರಿಗೂ ಫೋನ್ ಮಾಡು," ಎಂದರು. "ಯಾರೂ ಹೊರಗ ಕಾಲಿಡಬಾರ್ದು."

ಅವಳು ಒಂದನೇ ಡಬ್ಬಿಯಿಂದ ಶುರು ಮಾಡಿದಳು. "ಬಾಗಿಲ ಹಾಕ್ಕೊಂಡು ನಟ್ಟನಡುವ ಕುಂದರ್ರಿ. ನಾವು ಬಂದು ಹೇಳೂತನ ಹೊರಗ ಬರಬ್ಯಾಡ್ರಿ. ಕಂಬ ಮುಟ್ಟಬ್ಯಾಡ್ರಿ." ಎರಡು, ಮೂರು, ನಾಲ್ಕು. ಎಲ್ಲರಿಗೂ ಅದೇ ಮಾತು, ಅದೇ ದನಿ. ಐವತ್ತೆರಡು. ಏಳರವರು ಎತ್ತಿದರು. ಎಂಟಕ್ಕೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಒಂಬತ್ತಕ್ಕೆ ಹೇಳಿ ಮತ್ತೆ ಎಂಟಕ್ಕೆ ಮಾಡಿದಳು. ಮತ್ತೆ ಮಾಡಿದಳು.

"ಯಾರು ಉಳದ್ರು?"

"ನಮ್ಮನಿ."

ಐವತ್ತಾರು. ಫೋನು ಅವಳ ಕಿವಿಯಲ್ಲಿ ರಿಂಗಾಗುತ್ತಲೇ ಇತ್ತು. ಪಂಪಾಪತಿ ಹಿಡಿಕೆಯಿಂದ ಕೈ ತೆಗೆದರು.

"ನನ್ ಕೈಲೆ ಆಗಂಗಿಲ್ಲವ್ವಾ. ನನ್ನ ತಮ್ಮ ಈ ಬಾಗಿಲದಾಗ..."

ಐವತ್ತೆಂಟು. ಬಸಲಿಂಗಮ್ಮ ಫೋನು ಮೇಜಿನ ಮೇಲೆ ಮಲಗಿಸಿದಳು, ಎರಡೂ ಕೈಯಿಂದ ಹಿಡಿಕೆ ಹಿಡಿದು ಕೆಳಗೆಳೆದಳು. ದಢಾರೆಂದು ಸದ್ದಾಯಿತು. ರಿಂಗು ನಿಂತಿತು. ಒಂಬತ್ತು ಮೀಟರುಗಳ ಮುಳ್ಳು ಸೊನ್ನೆಗೆ ಬಿದ್ದವು, ಡಬ್ಬಿಗಳು ಈಗ ಎಷ್ಟರಲ್ಲಿವೆ ಎಂದು ಇಲ್ಲಿಂದ ತಿಳಿಯುವಂತಿರಲಿಲ್ಲ. ಹತ್ತನೆಯದು ಮಾತ್ರ ಏರುತ್ತಿತ್ತು. ಅರವತ್ತು. ಅರವತ್ತಮೂರು. ಅವಳಿಗೆ ಏನೂ ಅನ್ನಿಸಲಿಲ್ಲ. ರಿಜಿಸ್ಟರು ಎಳೆದುಕೊಂಡು ಒಂಬತ್ತು ಸಾಲಿನಲ್ಲಿ ಒಂಬತ್ತು ಗೆರೆ ಎಳೆದಳು.

ಯಂಕೋಬ ಫೋನು ಎತ್ತಲಿಲ್ಲ ಯಾಕೆ? ಕ್ವಾರಿಗೆ ಇವತ್ತು ರಜೆ. ಮಗಳನ್ನು ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಡಬ್ಬಿಯ ನೆತ್ತಿಯ ಬೆಳಕು ಹೆಚ್ಚಾಗಿ, ಸದ್ದು ಜೋರಾಗಿ, ಹೆದರಿದರೆ ಅವನು ಏನು ಮಾಡುತ್ತಾನೆ? ಮಗಳನ್ನು ಎತ್ತಿಕೊಂಡು ಹೆಂಡತಿ ಇರುವಲ್ಲಿಗೆ ಬರುತ್ತಾನೆ.

ಅವಳು ಬಾಗಿಲಿಗೆ ಓಡಿದಳು.

ಬಾಗಿಲಿನ ಮುಂದೆ ಗುಮ್ಮಟದ್ದೇ ಚಾಚಿದ ತಗಡಿನ ಪಡಸಾಲೆ. ಅದರ ತುದಿಗೆ ಕಂಬ. ಕಂಬದಾಚೆ ಬರೀ ಕೆಂಪು ಧೂಳು. ಮೊದಲು ಕೇಳಿಸಿದ್ದು ಪಟ್ಟಿಯ ಮೇಲೆ ಕಬ್ಬಿಣದ ಚಪ್ಪಲಿಯ ಸದ್ದು. ಆಮೇಲೆ ಯಂಕೋಬ ಕಂಡ. ಮುಖಕ್ಕೆ ಟವೆಲ್ಲು ಸುತ್ತಿದ್ದ, ತಲೆ ಬಗ್ಗಿಸಿದ್ದ, ಎದೆಗವುಚಿದ ಮಗಳ ಮೇಲೆ ಕಂಬಳಿ ಹೊದಿಸಿದ್ದ.

"ನಿಲ್ಲು! ಕಂಬ ಮುಟ್ಟಬ್ಯಾಡ! ಯಂಕೋಬಾ, ನಿಲ್ಲು!"

ಗಂಡನ ಹೆಸರು ಹಿಡಿದು ಅವಳು ಕೂಗಿದ್ದು ಅದೇ ಮೊದಲು. ಗಾಳಿ ಆ ಕೂಗನ್ನು ಅವಳ ಬಾಯಿಯ ಹತ್ತಿರವೇ ಕಿತ್ತುಕೊಂಡು ಹೋಯಿತು. ಅವನು ನಡೆದೇ ಬಂದ. ಓಡಿಹೋಗಿ ತಡೆಯುವಂತಿಲ್ಲ. ಅವಳ ಮೈಯಲ್ಲಿರುವುದೂ ಗುಮ್ಮಟದ ವೋಲ್ಟೇಜೇ. ಕಂಬ ಮುಟ್ಟಿದರೂ ಒಂದೇ, ಅವಳನ್ನು ಮುಟ್ಟಿದರೂ ಒಂದೇ.

ಪಡಸಾಲೆಯ ಪಕ್ಕ ಜಲ್ಲಿಕಲ್ಲಿನ ಗುಡ್ಡೆ ಇತ್ತು. ಒಂದು ಕಲ್ಲು ಎತ್ತಿ ಅವನ ಕಾಲಿಗೆ ಬೀಸಿದಳು. ಮೊಣಕಾಲಿಗೆ ಬಡಿಯಿತು. ಅವನು ನಿಲ್ಲಲಿಲ್ಲ. ಇನ್ನೊಂದು ತೊಡೆಗೆ, ಮತ್ತೊಂದು ಭುಜಕ್ಕೆ. ಎರಡು ವರ್ಷದ ಜೋಮು ಹಿಡಿದ ಮೈ, ಬಿದ್ದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಹತ್ತು ಹೆಜ್ಜೆ. ಎಂಟು. ಅವನ ಬಲಗೈ ಆಗಲೇ ಮೇಲೆದ್ದು ಕಂಬದ ಕಡೆ ಚಾಚಿತ್ತು.

ಇವರಿಬ್ಬರೂ ಈಗ ಸಾಯುತ್ತಾರೆ ಎಂಬುದು ಆಗ ಅವಳೊಳಗೆ ಇಳಿಯಿತು. ಹೆದರಿಕೆ ಎಂದರೆ ಇದೇ ಎಂದು ನೆನಪಾಯಿತು. ಮುಷ್ಟಿಗಾತ್ರದ ಕಲ್ಲು ಎತ್ತಿ, ಇದ್ದ ಬಲವೆಲ್ಲ ಹಾಕಿ, ಅವನ ಮುಖ ನೋಡಿ ಹೊಡೆದಳು.

ಕಲ್ಲು ಕಂಬಳಿಗೆ ಬಿತ್ತು. ಕಂಬಳಿ ಜಾರಿತು. ರೇಣಿಯ ತಲೆ ಹೊರಗೆ ಬಂತು, ಹಣೆಯ ಮೇಲಿಂದ ರಕ್ತ ಇಳಿಯುತ್ತಿತ್ತು. ಹುಡುಗಿ ಸುತ್ತ ನೋಡಿದಳು, ತಾಯಿಯನ್ನು ಕಂಡಳು, ಅಪ್ಪನ ಕಿವಿ ಹಿಡಿದು ಎಳೆದಳು. ಅವಳ ತುಟಿ ಅಲ್ಲಾಡಿದ್ದು ಬಸಲಿಂಗಮ್ಮನಿಗೆ ಕಂಡಿತು.

ಯಂಕೋಬ ತಲೆ ಎತ್ತಿದ. ಹೆಂಡತಿ ಕೈಯಲ್ಲಿ ಇನ್ನೊಂದು ಕಲ್ಲು ಹಿಡಿದು ನಿಂತದ್ದು ನೋಡಿದ. ಕಂಬಕ್ಕೆ ಐದು ಹೆಜ್ಜೆ ಇರುವಾಗ ನಿಂತ.

ಅಷ್ಟರಲ್ಲಿ ಪಂಪಾಪತಿ ಮೊದಲ ವರ್ಷದ ಹಳೆಯ ಉಪಾಯ ಹೊತ್ತು ಓಡಿಬಂದರು, ಉಪ್ಪುನೀರಿನಲ್ಲಿ ನೆನೆಸಿದ ಉದ್ದನೆಯ ನೂಲಿನ ಹಗ್ಗ. ಒದ್ದೆ ಹಗ್ಗದಲ್ಲಿ ಚಾರ್ಜು ಮಿಂಚಾಗಿ ಹಾರುವುದಿಲ್ಲ, ತೆವಳುತ್ತಾ ಹೋಗುತ್ತದೆ. ಅವರು ಕೈಸನ್ನೆಯಲ್ಲಿ ಹೇಳಿದರು. ಯಂಕೋಬ ಚಪ್ಪಲಿ ಬಿಟ್ಟು, ಡಬ್ಬಿಗಳ ತಂತಿಯ ನಂಟು ತಪ್ಪುವಂತೆ ಪಟ್ಟಿಯಿಂದ ಇಳಿದು ಬರೀ ಬಂಡೆಯ ಮೇಲೆ ನಿಂತ. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ ಇನ್ನೊಂದನ್ನು ಅವನ ಕಡೆ ಎಸೆದರು. ಅವನು ಹಿಡಿದುಕೊಂಡ. ರೇಣಿಯ ಕೂದಲು ಒಂದೊಂದಾಗಿ ನೆಟ್ಟಗೆ ನಿಂತಿತು. ಪಂಪಾಪತಿ ಗಟ್ಟಿಯಾಗಿ ಇನ್ನೂರರವರೆಗೆ ಎಣಿಸಿದರು.

"ಹೂಂ. ಬರ್ರಿ."

ಯಂಕೋಬ ಪಡಸಾಲೆಗೆ ಬಂದ. ಏನೂ ಆಗಲಿಲ್ಲ. ಬಸಲಿಂಗಮ್ಮ ಮಗಳನ್ನು ಕಿತ್ತುಕೊಂಡು ಕೆಳಗೆ ಕುಕ್ಕರಿಸಿದಳು. ಸೆರಗಿನಿಂದ ಹಣೆ ಒತ್ತಿದಳು. ಗಾಯ ಆಳವಾಗಿತ್ತು, ಬಿಳಿ ಎಲುಬು ಕಾಣುತ್ತಿತ್ತು. ರಕ್ತ ರೆಪ್ಪೆಯ ಮೇಲೆ, ಮೂಗಿನ ಪಕ್ಕದಲ್ಲಿ, ಬಾಯಿಗೆ ಇಳಿಯುತ್ತಿತ್ತು. ಹುಡುಗಿ ನಾಲಿಗೆಯಿಂದ ಅದನ್ನು ಒರೆಸಿಕೊಂಡಳು.

"ನೋಯ್ತೈತೇನವ್ವಾ? ಹೇಳವ್ವಾ, ನೋಯ್ತೈತೇನು?"

ರೇಣಿ ಇಲ್ಲವೆಂದು ತಲೆ ಆಡಿಸಿದಳು. ಬಸಲಿಂಗಮ್ಮನ ಬಾಯಿಂದ ಒಂದು ದನಿ ಬಂತು. ತಂದೆ ಸತ್ತಾಗ ಬಾರದ್ದು, ಹಂಚಿನ ಮೇಲೆ ಮಗಳ ಕೈ ಕಂಡಾಗ ಬಾರದ್ದು, ಎಲ್ಲ ಒಟ್ಟಿಗೆ ಬಂತು. ಮಗಳ ಕುತ್ತಿಗೆಯಲ್ಲಿ ಮುಖವಿಟ್ಟು, ಊರಿಗೆ ಊರೇ ಕೇಳುವ ಹಾಗೆ ಅತ್ತಳು. ಗುಮ್ಮಟದೊಳಗಿನ ಜನ ಬಾಗಿಲಿಗೆ ಬಂದು ನಿಂತರು.

ರೇಣಿ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಯಪ್ಪಾ, ಅವ್ವಗ ಎಲ್ಲೋ ಪೆಟ್ಟಾಗೈತಿ," ಎಂದಳು. "ಲಗೂನ ನೋಡು."